ಮೊದಲ ಸೋಡಾ, ಆಮ್ಯಾಲ ಸಾಬಾನ

ಮಾರ್ಚ್ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ಆರೂವರೆಗೇ ಅಣ್ಣನ ಫೋನು ಬಂತು.

"ತಂಗೀ, ಡೂಪ್ಲಿಕೇಟ್ ಎಣ್ಣಿ ಕೊಟ್ಟಾರ ನೋಡವಾ. ಟಾಕ್ಯಾಗ ಹಾಲ ಒಡದಂಗ ಒಡದೈತಿ. ನೀ ಒಂಚೂರ ಬಂದು ನೋಡತಿ ಏನು?"

ಅಣ್ಣನ ದ್ರಾಕ್ಷಿ ತೋಟ ತಿಕೋಟಾ ಕಡೆಗಿದೆ, ವಿಜಯಪುರದಿಂದ 20 ಕಿಲೋಮೀಟರ್ ಆಸುಪಾಸು. ನಾನು ಊರಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ನಮ್ಮ ಮನೆಯಲ್ಲಿ ಕೆಮಿಸ್ಟ್ರಿ ಓದಿದವಳು ನಾನೊಬ್ಬಳೇ. ಆದರೂ ಒಣದ್ರಾಕ್ಷಿ ವಿಷಯಕ್ಕೆ ಅಣ್ಣ ನನ್ನನ್ನು ಕರೆದದ್ದು ಅದೇ ಮೊದಲು. ಬ್ಯಾಗಿನಲ್ಲಿ ಹುಳಿ, ಕ್ಷಾರ ಅಳೆಯುವ ಪಿಎಚ್ ಪೇಪರಿನ ಪುಟ್ಟ ಪುಸ್ತಕ ಹಾಕಿಕೊಂಡು ಬಸ್ಸು ಹತ್ತಿದೆ.

ಒಣದ್ರಾಕ್ಷಿ ಎಂದರೆ ಹಣ್ಣನ್ನು ಬಿಸಿಲಿಗೆ ಹರವಿ ಬಿಡುವುದು ಎಂದು ತುಂಬ ಜನ ತಿಳಿದಿದ್ದಾರೆ. ಗೊನೆಯನ್ನು ಹಾಗೇ ಹರವಿದರೆ ಮೂರು ನಾಲ್ಕು ವಾರ ಬೇಕು, ಬಣ್ಣವೂ ಕಪ್ಪಾಗುತ್ತದೆ. ತಾಜಾ ದ್ರಾಕ್ಷಿಯ ಮೇಲೆ ತೆಳ್ಳಗೆ ಬಿಳಿ ಮಸುಕು ಇರುತ್ತದೆ, ಅಲ್ವಾ? ಬೆರಳಿನಿಂದ ಉಜ್ಜಿದರೆ ಹಣ್ಣು ಮಿಂಚುತ್ತದೆ. ಅನೇಕರು ಅದನ್ನು ಔಷಧದ ಪುಡಿ ಅಂದುಕೊಳ್ಳುತ್ತಾರೆ. ಅದು ಬಳ್ಳಿಯೇ ತನ್ನ ಹಣ್ಣಿಗೆ ಹೊದಿಸಿದ ಮೇಣ. ಒಳಗಿನ ನೀರು ಆರಿಹೋಗಬಾರದು ಎಂದು ಬಳ್ಳಿ ಮಾಡಿಕೊಂಡ ಏರ್ಪಾಡು. ಮನೆಯ ಹಂಚಿನಂತೆ ಮೇಣದ ಸಣ್ಣ ಸಣ್ಣ ಬಿಲ್ಲೆಗಳು ಒಂದರ ಮೇಲೊಂದು ಕೂತಿರುತ್ತವೆ.

ನಮಗೆ ಬೇಕಾದದ್ದು ಅದೇ ನೀರನ್ನು ಹೊರಗೆ ಹಾಕುವುದು. ಅದಕ್ಕೇ ಡಿಪ್ಪಿಂಗ್. 100 ಲೀಟರ್ ನೀರಿಗೆ 2.5 ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, 1.5 ಲೀಟರ್ ಡಿಪ್ಪಿಂಗ್ ಎಣ್ಣೆ. ಈ ಎಣ್ಣೆಯ ಮುಖ್ಯ ಸರಕು ಈಥೈಲ್ ಓಲಿಯೇಟ್. ನಮ್ಮ ಶೇಂಗಾ ಎಣ್ಣೆಯಲ್ಲಿ ಬೇಕಾದಷ್ಟಿರುವ ಓಲಿಯಿಕ್ ಆಮ್ಲವೂ ಆಲ್ಕೋಹಾಲೂ ಕೂಡಿ ಆಗುವ ವಸ್ತು ಅದು. ಕಾರ್ಬೊನೇಟ್ ಪುಡಿ, ಎಣ್ಣೆ ಎರಡನ್ನೂ ನೀರಿಗೆ ಬೆರೆಸಿದಾಗ ತೆಳು ಹಾಲಿನಂತಾಗುತ್ತದೆ. ಕ್ರೇಟಿನಲ್ಲಿ ತುಂಬಿದ ದ್ರಾಕ್ಷಿಯನ್ನು ಅದರಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆಯುತ್ತಾರೆ. ಎಣ್ಣೆ ಆ ಬಿಲ್ಲೆಗಳ ನಡುವೆ ನುಸುಳಿ ಜೋಡಣೆಯನ್ನು ಸಡಿಲ ಮಾಡುತ್ತದೆ. ಸಿಪ್ಪೆ ಒಡೆಯುವುದಿಲ್ಲ, ನೀರಿಗೆ ಮಾತ್ರ ದಾರಿ ಸಿಗುತ್ತದೆ. ಆಮೇಲೆ ಶೆಡ್ಡಿನ ನೆರಳಲ್ಲಿ, ಬಲೆಯ ರ‍್ಯಾಕುಗಳ ಮೇಲೆ, ಗಾಳಿಗೆ ಹರವಿದರೆ ಸುಮಾರು ಹದಿನೈದು ದಿನದಲ್ಲಿ ಒಣಗುತ್ತದೆ. 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ.

ನಾನು ಹೋಗುವ ಹೊತ್ತಿಗೆ ಶೆಡ್ಡಿನಲ್ಲಿ ಕೆಲಸ ನಿಂತಿತ್ತು. ಆಳುಗಳು ಬೇವಿನ ಗಿಡದ ಕೆಳಗೆ ಕೂತಿದ್ದರು. ಕೊಯ್ದ ಹಣ್ಣು ಕ್ರೇಟುಗಳಲ್ಲೇ ಕಾಯುತ್ತಿತ್ತು. ಟಾಕಿಯೊಳಗೆ ನೋಡಿದೆ. ಹಾಲಿನಂತಿರಬೇಕಾದ ನೀರಿನ ಮೇಲೆ ಜಿಗುಟಾದ ಬಿಳಿ ಗಂಟುಗಳು ತೇಲುತ್ತಿದ್ದವು, ಅಂಚಿಗೆ ಕೆನೆಯಂತೆ ಮೆತ್ತಿಕೊಂಡಿದ್ದವು. ಎಣ್ಣೆ ಅಲ್ಲಲ್ಲಿ ಬೇರೆಯಾಗಿ ಮಿನುಗುತ್ತಿತ್ತು. ಹಿಂದಿನ ದಿನ ಇದರಲ್ಲೇ ಅದ್ದಿ ಹರವಿದ ದ್ರಾಕ್ಷಿಯ ಮೇಲೆ ಬಿಳಿ ಕಲೆ ಉಳಿದಿತ್ತು. ಅರ್ಧ ಹಣ್ಣಿಗೆ ಎಣ್ಣೆ ಹತ್ತಿದೆ, ಅರ್ಧಕ್ಕೆ ಇಲ್ಲ.

ಅಣ್ಣ ಎಣ್ಣೆಯ ಕ್ಯಾನು ಹಿಡಿದೇ ನಿಂತಿದ್ದ. "ಅಂಗಡ್ಯಾಂವ ಹಿಂಗ ಮಾಡ್ತಾನಂತ ಗೊತ್ತಿದ್ದಿಲ್ಲ. ಡೂಪ್ಲಿಕೇಟ್ ಐತಿ ಅಂತ ನೀ ಒಂದ ಮಾತ ಹೇಳು. ಈಗಿಂದೀಗ ಹೋಗಿ ಕೇಳ್ತೀನಿ."

ಹೇಳುವುದು ಸುಲಭವಿತ್ತು. ಆದರೆ ಒಬ್ಬರ ಮೇಲೆ ಹೊರಿಸುವ ಮೊದಲು ಕೇಳಬೇಕಾದ ಮಾತುಗಳು ಇರುತ್ತವೆ. ಹೋದ ವರ್ಷಕ್ಕೂ ಈ ವರ್ಷಕ್ಕೂ ಏನೇನು ಬದಲಾಗಿದೆ ಎಂದು ಕೇಳಿದೆ. ಎಣ್ಣೆ ಅದೇ ಅಂಗಡಿಯದು. ಪುಡಿಯೂ ಅದೇ. ಬದಲಾದದ್ದು ನೀರು. ಪ್ರತಿ ವರ್ಷ ಕೃಷಿ ಹೊಂಡದ ಮಳೆನೀರು ಬಳಸುತ್ತಿದ್ದರು. ಈ ಸಲ ಹೊಂಡದ ಹಾಳೆ ಹರಿದು ನೀರು ಇಂಗಿಹೋಗಿತ್ತು, ಹಾಗಾಗಿ ಬೋರಿನ ನೀರು ತುಂಬಿದ್ದರು. ಇನ್ನೊಂದೂ ತಿಳಿಯಿತು. ಹಳೆಯ ಆಳು ಊರಿಗೆ ಹೋಗಿದ್ದ. ಹೊಸ ಹುಡುಗ ಮೊದಲು ಎಣ್ಣೆ ಸುರಿದು ಆಮೇಲೆ ಪುಡಿ ಹಾಕಿದ್ದ. "ಯಾವುದ ಮೊದಲ ಹಾಕಿದ್ರೂ ಕೂಡೂದು ಒಂದ ಟಾಕ್ಯಾಗ ಅಲ್ರೀ ಟೀಚರ್?" ಎಂದ ಹುಡುಗ. ಅವನ ಮಾತು ತಪ್ಪು ಅನ್ನಿಸುವಂತೆಯೇ ಇರಲಿಲ್ಲ.

ಅಷ್ಟರಲ್ಲಿ ವೈನಿ ಊಟಕ್ಕೆ ಕರೆದರು. ತಲೆಯಲ್ಲಿ ಟಾಕಿಯೇ ಇತ್ತು, ಆದರೂ ಒಲೆಯ ಮುಂದೆ ಕೂತಾಗ ಕಣ್ಣು ಅವರ ಕೈ ಮೇಲೆ ಹೋಯಿತು. ಜೋಳದ ಹಿಟ್ಟಿನ ನಡುವೆ ಗುಂಡಿ ಮಾಡಿ, ಕುದಿಯುವ ನೀರು ಹೊಯ್ದು, ಸ್ವಲ್ಪ ಆರಿದ ಮೇಲೆ ನಾದುತ್ತಿದ್ದರು. ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗುಟು ಪ್ರೋಟೀನ್ ಇದೆ, ತಣ್ಣೀರು ಹಾಕಿದರೂ ಹಿಟ್ಟು ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ನೀರಿನ ಬಿಸಿ 70 ಡಿಗ್ರಿ ಹತ್ತಿರ ಹೋದರೆ ಜೋಳದ ಪಿಷ್ಟ ಉಬ್ಬಿ ಅಂಟಾಗುತ್ತದೆ. ಆ ಅಂಟೇ ರೊಟ್ಟಿಯನ್ನು ಹಿಡಿದಿಡುವುದು. ವೈನಿ ಇದಕ್ಕೆ ಜಿಗಿ ಅನ್ನುತ್ತಾರೆ. ನೀರು ಸಾಕಷ್ಟು ಕುದಿಯದಿದ್ದರೆ "ಜಿಗಿ ಬರಂಗಿಲ್ಲ, ರೊಟ್ಟಿ ಹರೀತೈತಿ" ಅನ್ನುತ್ತಾರೆ. ನಮ್ಮ ಕಾಲೇಜಿನಲ್ಲಿ ಈ ಪಿಷ್ಟದ ಪಾಠಕ್ಕೆ ಎರಡು ದಿನ ಹಿಡಿದಿತ್ತು. ರೊಟ್ಟಿ ಬಡಿಯುವ ಯಾವ ಹೆಣ್ಣುಮಗಳನ್ನೂ ಆ ಪಾಠದಲ್ಲಿ ಯಾರೂ ನೆನೆದಿರಲಿಲ್ಲ, ಅದು ನನಗೆ ಈಗಲೂ ಬೇಸರ.

ಬೇಳೆ ಮಾತ್ರ ಬೆಂದಿರಲಿಲ್ಲ. "ಬೋರಿನ ನೀರಾಗ ಬೇಳಿ ಬೇಯಂಗೇ ಇಲ್ಲ ನೋಡ್ರಿ" ಎಂದು ವೈನಿ ನೊಂದುಕೊಂಡರು. ಕಟ್ಟೆಯ ಮೇಲೆ ಕೂತಿದ್ದ ಅವ್ವ ಅಲ್ಲಿಂದಲೇ ಹೇಳಿದಳು. "ಸವಳ ನೀರು ಅದು. ಬೇಳ್ಯಾಗ ಚಿಟಕಿ ಸೋಡಾ ಹಾಕಬೇಕ. ಅರಬಿ ಒಗಿಯೂ ಮುಂದೂ ಅಷ್ಟ. ಮೊದಲ ಸೋಡಾ, ಆಮ್ಯಾಲ ಸಾಬಾನ. ಮೊದಲ ಸಾಬಾನ ಹಾಕಿದ್ರ ಬರೇ ಕೆನಿ ಕಟ್ಟತೈತಿ."

ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಟಾಕಿಯ ಅಂಚಿಗೆ ಮೆತ್ತಿದ್ದ ಕೆನೆ ಕಣ್ಣ ಮುಂದೆ ಬಂತು.

ಬೋರಿನ ನೀರು ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಬಂದದ್ದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ, ಬೇಳೆ ಒಡೆಯುವುದಿಲ್ಲ. ಸಾಬಾನು ಸಿಕ್ಕರೆ ಅದನ್ನು ಹಿಡಿದು ನೀರಲ್ಲಿ ಕರಗದ ಕೆನೆ ಮಾಡುತ್ತದೆ, ನೊರೆ ಬರುವುದಿಲ್ಲ. ಡಿಪ್ಪಿಂಗ್ ಎಣ್ಣೆ ನೀರಿನಲ್ಲಿ ಒಂದಾಗಲು ಸಾಬಾನಿನಂಥ ವಸ್ತುವೇ ಬೇಕು. ಎಣ್ಣೆಯ ಜೊತೆ ಸ್ವಲ್ಪ ಓಲಿಯಿಕ್ ಆಮ್ಲವೂ ಇರುತ್ತದೆ. ಕಾರ್ಬೊನೇಟ್ ಸೇರಿದಾಗ ಅದು ಸಾಬಾನಾಗುತ್ತದೆ. ಆ ಹೊತ್ತಿಗೆ ನೀರಲ್ಲಿ ಕ್ಯಾಲ್ಸಿಯಂ ಕಾದು ಕೂತಿದ್ದರೆ ಮುಗಿಯಿತು.

ಅವ್ವನ ಬಟ್ಟೆ ಸೋಡಾ ಎಂದರೆ ಸೋಡಿಯಂ ಕಾರ್ಬೊನೇಟ್. ಅಣ್ಣನ ಪುಡಿ ಪೊಟ್ಯಾಸಿಯಂ ಕಾರ್ಬೊನೇಟ್. ಎರಡೂ ಒಂದೇ ಮನೆತನದವು. ಎರಡೂ ನೀರಿನ ಕ್ಯಾಲ್ಸಿಯಮ್ಮನ್ನು ಸುಣ್ಣದ ಕಲ್ಲಿನ ಪುಡಿಯಾಗಿ ಕೆಳಗೆ ಕೂರಿಸುತ್ತವೆ.

ಆದರೆ ತೋಟದ ತುಂಬ ಹಣ್ಣು ಕಾದಿರುವಾಗ ಅಂದಾಜಿನ ಮೇಲೆ ಹೇಳಲು ಧೈರ್ಯ ಬರಲಿಲ್ಲ. ಒಂದೊಂದು ಲೀಟರಿನ ಮೂರು ಬಾಟಲಿ ತರಿಸಿದೆ. ವೈನಿಯ ಅಡುಗೆಮನೆಯ ತಕ್ಕಡಿಯಲ್ಲಿ 25 ಗ್ರಾಂ ಪುಡಿ ಮೂರು ಸಲ ತೂಗಿದೆ. ಕೆಮ್ಮಿನ ಔಷಧದ ಮುಚ್ಚಳದಲ್ಲಿ 15 ಎಂಎಲ್ ಗೆರೆ ಇತ್ತು, ಎಣ್ಣೆಗೆ ಅದೇ ಅಳತೆ. ಮೊದಲ ಬಾಟಲಿಗೆ ಬೋರಿನ ನೀರು, ಎಣ್ಣೆ ಮೊದಲು, ಪುಡಿ ಆಮೇಲೆ. ಎರಡನೆಯದಕ್ಕೆ ಬೋರಿನ ನೀರೇ, ಆದರೆ ಪುಡಿ ಮೊದಲು. ಮೂರನೆಯದಕ್ಕೆ ಊರಿನ ಘಟಕದಿಂದ ತಂದ ಕುಡಿಯುವ ಫಿಲ್ಟರ್ ನೀರು, ಎಣ್ಣೆ ಮೊದಲು.

ಮೊದಲನೆಯದರಲ್ಲಿ ಗಂಟು ಕಟ್ಟಿತು, ಟಾಕಿಯಲ್ಲಿ ಇದ್ದಂತೆಯೇ. ಮೂರನೆಯದು ಒಂದೇ ಸಮ ಹಾಲಾಯಿತು. ಎಣ್ಣೆ ಸರಿಯಾಗಿಯೇ ಇದೆ ಎಂದು ಅಲ್ಲೇ ಗೊತ್ತಾಯಿತು. ಅಣ್ಣ ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟ. ಎರಡನೆಯ ಬಾಟಲಿ ಮಾತ್ರ ಪುಡಿ ಕರಗುತ್ತಿದ್ದಂತೆ ಬೆಳ್ಳಗಾಗಿ ನಿಂತಿತು. ಅದಕ್ಕೆ ಎಣ್ಣೆ ಹಾಕದೆ ನೆರಳಲ್ಲಿಟ್ಟು, ಆ ಬಿಳುಪು ತಳಕ್ಕೆ ಇಳಿಯಲಿ ಎಂದು ಕಾದೆವು.

ಆ ಒಂದು ತಾಸಿನಲ್ಲಿ ಅಣ್ಣನ ಮಗಳು ನನ್ನ ಪಕ್ಕ ಬಂದು ಕೂತಳು. ಪಿಯುಸಿ ಓದುತ್ತಾಳೆ. "ಅತ್ತೀ, ನನ್ನ ಗೆಳತೇರು ಕೆಮಿಕಲ್ ಇಲ್ಲದ ಒಣದ್ರಾಕ್ಷಿ ಕೊಡು ಅಂತಾರ. ನಾ ಏನ್ ಹೇಳ್ಲಿ?"

ಈ ಪ್ರಶ್ನೆ ನನಗೆ ತರಗತಿಯಲ್ಲೂ ಬರುತ್ತದೆ. ಸುಮ್ನೆ ನಕ್ಕು ಬಿಡುವಂಥದ್ದಲ್ಲ. ಅವ್ವ ಮೊದಲೆಲ್ಲ ಪಾತ್ರೆ ತಿಕ್ಕುತ್ತಿದ್ದದ್ದು ಒಲೆಯ ಬೂದಿಯಿಂದ. ಸೌದೆಯ ಬೂದಿಯಲ್ಲಿ ಇರುವುದು ಇದೇ ಪೊಟ್ಯಾಸಿಯಂ ಕಾರ್ಬೊನೇಟ್. ಮೆಡಿಟರೇನಿಯನ್ ಸಮುದ್ರದ ತೀರದ ರೈತರು ಹಿಂದಿನ ಕಾಲದಲ್ಲಿ ದ್ರಾಕ್ಷಿಯನ್ನು ಬೂದಿ ನೀರು, ಆಲಿವ್ ಎಣ್ಣೆಯಲ್ಲಿ ಅದ್ದಿ ಒಣಗಿಸುತ್ತಿದ್ದರು. ಈಗಿನ ಡಿಪ್ಪಿಂಗ್ ಅದರದೇ ಮುಂದುವರಿಕೆ. ಗಂಧಕದ ಹೊಗೆಯ ಮಾತು ಬೇರೆ. ಹೊಂಬಣ್ಣ ಬರಲಿ ಎಂದು ಕೆಲವರು ಮುಚ್ಚಿದ ಕೋಣೆಯಲ್ಲಿ ಗಂಧಕ ಸುಡುತ್ತಾರೆ. ಹೆಚ್ಚಿದ ಬದನೆಕಾಯಿ ಕಪ್ಪಾಗುತ್ತದಲ್ಲ, ಹಣ್ಣಿನಲ್ಲೂ ಅಂಥದೇ ಕಿಣ್ವ ಇದೆ. ಗಂಧಕದ ಹೊಗೆ ಅದನ್ನು ತಡೆಯುತ್ತದೆ. ಆದರೆ ಆ ಹೊಗೆ ಎದೆ ಹಿಡಿಯುತ್ತದೆ, ಉಬ್ಬಸ ಇದ್ದವರಿಗೆ ಅದರ ಉಳಿಕೆಯೂ ತ್ರಾಸು ಕೊಡಬಹುದು. "ಏನು ಹಾಕಿದ್ದೀರಿ, ಎಷ್ಟು ಹಾಕಿದ್ದೀರಿ ಅಂತ ಕೇಳಿದರೆ ಸರಿಯಾಗಿ ಹೇಳು. ಕೆಮಿಕಲ್ ಇಲ್ಲ ಅಂತ ಮಾತ್ರ ಹೇಳಬೇಡ. ನೀರೂ ಕೆಮಿಕಲ್ಲೇ" ಎಂದೆ. ಅವಳು ಪುಸ್ತಕದಲ್ಲಿ ಬರೆದುಕೊಂಡಳು. ನನಗೆ ತುಂಬ ಖುಷಿಯಾಯಿತು.

ತಾಸಿನ ನಂತರ ಬಾಟಲಿಯ ಮೇಲಿನ ನೀರು ತಿಳಿಯಾಗಿತ್ತು, ತಳದಲ್ಲಿ ಬಿಳಿ ಪುಡಿ. ತಿಳಿಯನ್ನು ಬೇರೆ ಬಾಟಲಿಗೆ ಬಗ್ಗಿಸಿ 15 ಎಂಎಲ್ ಎಣ್ಣೆ ಹಾಕಿ ಅಲುಗಾಡಿಸಿದೆ. ಹಾಲು! ಒಂದು ಗಂಟೂ ಇಲ್ಲ. ತಳದ ಪುಡಿಯನ್ನು ಫಿಲ್ಟರ್ ನೀರಿನಲ್ಲಿ ಮೂರು ಸಲ ತೊಳೆದೆ, ಏಕೆಂದರೆ ಉಳಿದ ಕಾರ್ಬೊನೇಟ್ ಪುಡಿಯೂ ಹುಳಿಗೆ ಉಕ್ಕುತ್ತದೆ. ತೊಳೆದ ಮೇಲೆ ಲಿಂಬೆ ಹಿಂಡಿದೆ. ಚುರ್ರೆಂದು ಗುಳ್ಳೆ ಎದ್ದವು. ಸುಣ್ಣದ ಕಲ್ಲೇ. ಬಚ್ಚಲ ಹಂಡೆಯೊಳಗೆ ಕಟ್ಟಿಕೊಳ್ಳುವುದೂ ಇದೇ. 1656ರಲ್ಲಿ ಕಟ್ಟಿ ಮುಗಿಸಿದ ನಮ್ಮ ಗೋಳಗುಮ್ಮಟದ ಗಾರೆಯಲ್ಲೂ ಇದೇ: ಸುಟ್ಟ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾದದ್ದು. ಹಂಡೆಯಲ್ಲಿ ನಮಗೆ ಬೇಡವಾದದ್ದು ಅಲ್ಲಿ ಅಷ್ಟು ದೊಡ್ಡ ಗುಮ್ಮಟವನ್ನು ಹಿಡಿದು ನಿಂತಿದೆ.

ಅಣ್ಣನಿಗೆ ಒಂದು ಚಿಂತೆ ಉಳಿದಿತ್ತು. ಪುಡಿ ನೀರನ್ನು ತಿದ್ದುವುದರಲ್ಲೇ ಖರ್ಚಾದರೆ ದ್ರಾಕ್ಷಿಗೆ ಏನು ಉಳಿಯುತ್ತದೆ? ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕ ಮಾಡಿ ತೋರಿಸಿದೆ. ಲೀಟರಿಗೆ 1 ಗ್ರಾಂ ಸುಣ್ಣದ ಕಲ್ಲು ಇಳಿಯಲು ಸುಮಾರು 1.4 ಗ್ರಾಂ ಪುಡಿ ಬೇಕು. ನಾವು ಹಾಕುವುದು 25 ಗ್ರಾಂ. ಪಿಎಚ್ ಪೇಪರ್ ಅದ್ದಿದರೆ 11ರ ಬಣ್ಣವೇ ಬಂತು, ಅಂದರೆ ಕ್ಷಾರ ಇನ್ನೂ ಬೇಕಾದಷ್ಟು ಉಳಿದಿದೆ. "ಅಂದ್ರ ಒಂದ ಮುಷ್ಟಿ ಜಾಸ್ತಿ ಹಾಕಿದ್ರ ಆತಲ್ಲ" ಎಂದ ಅಣ್ಣ. ಬೇಡ, ತೂಗಿಯೇ ಹಾಕು ಎಂದೆ.

ಹಿಂದಿನ ದಿನದ ಹಣ್ಣನ್ನು ತೊಳೆದು ಮತ್ತೆ ಅದ್ದಿದರೂ ಪೂರ್ತಿ ಸರಿಹೋಗಲಿಲ್ಲ. ಆ ರ‍್ಯಾಕುಗಳು ಒಣಗಲು ಮೂರು ದಿನ ಹೆಚ್ಚು ತೆಗೆದುಕೊಂಡವು, ಬಣ್ಣ ಕಂದಿತು, ರೇಟೂ ಕಡಿಮೆ ಸಿಕ್ಕಿತು. ಅಣ್ಣ ಅದರ ಬಗ್ಗೆ ಏನೂ ಅನ್ನಲಿಲ್ಲ. ಅಂಗಡಿಯವನ ಬಳಿಯೂ ಜಗಳಕ್ಕೆ ಹೋಗಲಿಲ್ಲ.

ಅವತ್ತು ಮಧ್ಯಾಹ್ನ ಟಾಕಿ ತೊಳೆದು, ಬೋರಿನ ನೀರು ತುಂಬಿ, ಪುಡಿ ಕರಗಿಸಿ ಬಿಟ್ಟೆವು. ಸಂಜೆ ಐದರ ಹೊತ್ತಿಗೆ ತಿಳಿಯಾದ ನೀರನ್ನು ಇನ್ನೊಂದು ಟಾಕಿಗೆ ಇಳಿಸಿದರು. ಹೊಸ ಹುಡುಗ ಎಣ್ಣೆಯ ಕ್ಯಾನು ಹಿಡಿದು ನನ್ನ ಮುಖ ನೋಡಿದ. ನಾನು ಅವ್ವನನ್ನು ತೋರಿಸಿದೆ. ಅವ್ವ ಗೋಡೆ ಹಿಡಿದುಕೊಂಡು ಬಂದು, ಎರಡು ಬೆರಳು ನೀರಲ್ಲಿ ಅದ್ದಿ, ಹೆಬ್ಬೆರಳಿಗೆ ತಿಕ್ಕಿ ನೋಡಿದಳು. ಆಮೇಲೆ ಕೈ ತೊಳೆದುಕೊಳ್ಳಲು ತಂಬಿಗೆ ಕೇಳಿದಳು.

"ನೀರ ಮೆತ್ತಗಾಗೈತಿ" ಎಂದಳು. "ಹಾಕಪಾ ಈಗ ಎಣ್ಣಿ."