ಜಿಎಸ್‌ಒ: ಪ್ಯಾಕೆಟ್ ಒಡೆಯುವ ಮುನ್ನ ಹೆಡರ್ ಅಳೆಯುವುದು

ಲಿನಕ್ಸ್ ಕರ್ನಲ್‌ಗೆ 2006ರಲ್ಲಿ, 2.6.18ರ ಆವೃತ್ತಿಯಲ್ಲಿ ಬಂದ ಜಿಎಸ್‌ಒ (ಜೆನೆರಿಕ್ ಸೆಗ್ಮೆಂಟೇಷನ್ ಆಫ್‌ಲೋಡ್, ದೊಡ್ಡ ಪ್ಯಾಕೆಟ್ ಒಡೆಯುವುದನ್ನು ಕೊನೆಯವರೆಗೆ ಮುಂದೂಡುವ ಏರ್ಪಾಡು) ಮಾಡುವುದಿಷ್ಟು: ಟಿಸಿಪಿ 64 ಕೆಬಿ ಹತ್ತಿರದ ಒಂದೇ ಪ್ಯಾಕೆಟ್ ಕಟ್ಟಿ ಕೆಳಗೆ ತಳ್ಳುತ್ತದೆ. ನೆಟ್‌ವರ್ಕ್ ಕಾರ್ಡಿಗೆ ಅದನ್ನು ಒಡೆಯಲು ಬರದಿದ್ದರೆ, ಡ್ರೈವರ್ ಕೈಗೆ ಕೊಡುವ ಮುಂಚೆ ಕರ್ನಲ್ಲೇ ಒಡೆಯುತ್ತದೆ. ಎಂಟಿಯು (ಒಮ್ಮೆಗೆ ಕಳಿಸಬಹುದಾದ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ) 1500ರಲ್ಲಿ ಐಪಿಗೆ 20, ಟಿಸಿಪಿಗೆ 20, ಟೈಮ್‌ಸ್ಟ್ಯಾಂಪ್‌ಗೆ 12 ಕಳೆದರೆ ತುಂಡಿಗೆ 1448 ಬೈಟ್. 64,000 ಬೈಟ್ ಡೇಟಾ ಇದ್ದರೆ 45 ತುಂಡು, ಕೊನೆಯದು ಬರೀ 288 ಬೈಟ್‌ನದು.

ತೊಡಕೆಲ್ಲ ಹೆಡರ್ ಎಲ್ಲಿ ಮುಗಿಯಿತು ಎಂದು ಕಂಡುಹಿಡಿಯುವುದರಲ್ಲಿದೆ. ಎಸ್‌ಕೆಬಿಯ (ಕರ್ನಲ್ ಪ್ಯಾಕೆಟ್ ಇಟ್ಟುಕೊಳ್ಳುವ ರಚನೆ) ಮೊದಲ ಭಾಗ ಲೀನಿಯರ್, ಅಂದರೆ ಒಂದೇ ಸಾಲಾಗಿರುವ ಮೆಮೊರಿ ಜಾಗದಲ್ಲಿರುತ್ತದೆ, ಮಿಕ್ಕದ್ದು ಪೇಜ್‌ಗಳಲ್ಲಿ ಚದುರಿರುತ್ತದೆ. ಪಾಯಿಂಟರ್‌ನಿಂದ ನೇರ ಓದಬಹುದಾದದ್ದು ಲೀನಿಯರ್ ಭಾಗ ಮಾತ್ರ. ಹಾಗಾಗಿ ಐಪಿವಿ4ಕ್ಕೆ ಮೊದಲು ‘ಪಿಎಸ್‌ಕೆಬಿ_ಮೇ_ಪುಲ್’ ಎಂಬ ಫಂಕ್ಷನ್ ಕರೆದು 20 ಬೈಟ್ ಲೀನಿಯರ್ ಭಾಗಕ್ಕೆ ತರಿಸಿಕೊಳ್ಳಬೇಕು (ಇದೇ ‘ಪುಲ್’). ಐಎಚ್ಎಲ್ (ಐಪಿ ಹೆಡರ್ ಉದ್ದವನ್ನು 4 ಬೈಟ್‌ಗಳ ಲೆಕ್ಕದಲ್ಲಿ ಹೇಳುವ ಅಂಕಿ) 5ಕ್ಕಿಂತ ಕಡಿಮೆ ಇದ್ದರೆ ಅಲ್ಲೇ ತಿರಸ್ಕರಿಸಬೇಕು. ಸರಿ ಇದ್ದರೆ ಅದನ್ನು 4ರಿಂದ ಗುಣಿಸಿ, ಬಂದಷ್ಟಕ್ಕೆ ಇನ್ನೊಮ್ಮೆ ಪುಲ್. ಟಿಸಿಪಿಯಲ್ಲಿ ಹೆಡರ್ ಉದ್ದ ಹೇಳುವ ಡಾಫ್‌ಗೂ ಇದೇ ಎರಡು ಹೆಜ್ಜೆ. ಎರಡೂ ಹೆಡರ್‌ಗಳು 20ರಿಂದ 60 ಬೈಟ್‌ವರೆಗೆ ಬೆಳೆಯಬಲ್ಲವು. ಐಪಿವಿ6ರಲ್ಲಿ ಎಕ್ಸ್‌ಟೆನ್ಷನ್ ಹೆಡರ್‌ಗಳ ಸರಪಳಿ ಇರುವುದರಿಂದ ಪ್ರತಿ ಕೊಂಡಿಗೂ ಹೀಗೇ ಪುಲ್ ಮಾಡುತ್ತ ಹೋಗಬೇಕು.

ಅತಿ ಹೆಚ್ಚು ಜನ ಎಡವುವುದು ಈ ಎರಡನೇ ಪುಲ್ ಆದಮೇಲೆ. ಲೀನಿಯರ್ ಜಾಗ ಸಾಲದಿದ್ದರೆ ಈ ಫಂಕ್ಷನ್ ಹೊಸ ಬಫರ್ ಪಡೆದು ಹಳೆಯದನ್ನು ಬಿಟ್ಟುಬಿಡುತ್ತದೆ. ಮೊದಲೇ ಹಿಡಿದಿಟ್ಟ ಐಪಿ ಪಾಯಿಂಟರ್ ಆಗ ಖಾಲಿ ಮನೆಯ ವಿಳಾಸ. ಪುಲ್ ಆದಮೇಲೆ ಪಾಯಿಂಟರ್ ಮತ್ತೆ ಪಡೆಯಲೇಬೇಕು. ಲೋಕಲ್ ಟಿಸಿಪಿಯಿಂದ ಬಂದ ಪ್ಯಾಕೆಟ್‌ನಲ್ಲಿ ಹೆಡರ್ ಸಾಮಾನ್ಯವಾಗಿ ಲೀನಿಯರ್ ಆಗೇ ಇರುವುದರಿಂದ ಈ ತಪ್ಪು ಟೆಸ್ಟ್‌ನಲ್ಲಿ ಸಿಕ್ಕಿಬೀಳುವುದಿಲ್ಲ. ಕೆಎಸಾನ್ (ಮೆಮೊರಿಯ ತಪ್ಪು ಬಳಕೆ ಹಿಡಿಯುವ ಸಾಧನ) ಹಾಕಿದ ಕರ್ನಲ್‌ನಲ್ಲಿ, ಹೆಡರ್ ಬೇಕೆಂದೇ ಪೇಜ್‌ಗಳಲ್ಲಿಟ್ಟು ಕಳಿಸಿದರೆ ಹೊರಬೀಳುತ್ತದೆ.

ವರ್ಚುವಲ್ ಮಷೀನ್‌ನಿಂದ ಬಂದದ್ದಾದರೆ ಅನುಮಾನ ಇನ್ನೂ ಹೆಚ್ಚಿರಲಿ. ವರ್ಟ್‌ಐಒ (ವರ್ಚುವಲ್ ಮಷೀನ್‌ನ ನೆಟ್‌ವರ್ಕ್ ಸಾಧನದ ಇಂಟರ್ಫೇಸ್) ಹೆಡರ್‌ನ, ಹೆಡರ್ ಉದ್ದ ಹೇಳುವ ‘ಎಚ್‌ಡಿಆರ್_ಲೆನ್’ ಅತಿಥಿ, ಅಂದರೆ ಆ ಮಷೀನ್ ಕೊಟ್ಟ ಅಂದಾಜು ಅಷ್ಟೇ. ಅಂಥ ಪ್ಯಾಕೆಟ್‌ಗೆ ಕರ್ನಲ್ ‘ಡಾಡ್ಜಿ’ (ನಂಬುವಂತಿಲ್ಲ) ಎಂಬ ಗುರುತು ಹಾಕುತ್ತದೆ. ಹೆಸರು ಚೆನ್ನಾಗಿದೆ! ಗುರುತು ಇದ್ದರೆ ಉದ್ದಗಳನ್ನೆಲ್ಲ ನಾವೇ ಅಳೆಯಬೇಕು.

ಒಡೆದ ಮೇಲೆ ಸೀಕ್ವೆನ್ಸ್ ನಂಬರ್ ತುಂಡಿಗೆ 1448ರಂತೆ ಏರಬೇಕು. ಟಿಸಿಪಿ ಹೆಡರ್‌ನ ಗುರುತುಗಳಲ್ಲಿ ಫಿನ್ ಮತ್ತು ಪುಶ್ ಕೊನೆಯ ತುಂಡಿಗೆ ಮಾತ್ರ, ಸಿಡಬ್ಲ್ಯುಆರ್ ಮೊದಲನೆಯದಕ್ಕೆ ಮಾತ್ರ. ಸ್ಯೂಡೋ ಹೆಡರ್‌ನಲ್ಲಿ (ಚೆಕ್‌ಸಮ್ ಲೆಕ್ಕಕ್ಕೆ ಮಾತ್ರ ಸೇರುವ ಐಪಿ ವಿವರಗಳು) ಉದ್ದವೂ ಸೇರುವುದರಿಂದ ಚೆಕ್‌ಸಮ್‌ಗೆ ಉದ್ದದ ವ್ಯತ್ಯಾಸ ಕೂಡಬೇಕು. ಆ ವ್ಯತ್ಯಾಸ ಎಲ್ಲ ಪೂರ್ಣ ತುಂಡುಗಳಿಗೂ ಒಂದೇ, ಕೊನೆಯದಕ್ಕೆ ಬೇರೆ. ಉಳಿದೆಲ್ಲ ತುಂಡು ಸರಿಯಾಗಿ ಹೋಗಿ ಕೊನೆಯದು ಮಾತ್ರ ಮತ್ತೆ ಮತ್ತೆ ರಿಟ್ರಾನ್ಸ್‌ಮಿಟ್ ಆಗುತ್ತಿದ್ದರೆ ಮೊದಲು ಇಲ್ಲಿ ನೋಡಿ.

ವಿಎಕ್ಸ್‌ಲ್ಯಾನ್ (ಈಥರ್ನೆಟ್ ಫ್ರೇಮನ್ನು ಯುಡಿಪಿ ಪ್ಯಾಕೆಟ್‌ನೊಳಗಿಟ್ಟು ಸಾಗಿಸುವ ವಿಧಾನ) ಇದ್ದರೆ ಹೊರಗೆ ಐಪಿ, ಯುಡಿಪಿ, ವಿಎಕ್ಸ್‌ಲ್ಯಾನ್ ಹೆಡರ್‌ಗಳಿಗೆ 20+8+8, ಒಳಗಿನ ಈಥರ್ನೆಟ್‌ಗೆ 14, ಒಟ್ಟು 50 ಬೈಟ್ ಹೆಚ್ಚುವರಿ. ಹೊರಗಿನ ಐಪಿ, ಯುಡಿಪಿ ಉದ್ದಗಳನ್ನು ಪ್ರತಿ ತುಂಡಿಗೂ ತಿದ್ದಬೇಕು. ಒಳಗಿನ ಹೆಡರ್ ಓದಲು ಮ್ಯಾಕ್ ಆಫ್‌ಸೆಟ್ ಮುಂದೆ ಸರಿಸಿರುತ್ತೇವೆ. ನಡುವೆ ಎರರ್ ಬಂದರೆ ಅದನ್ನು ಹಿಂದಕ್ಕೆ ಇಡದೆ ವಾಪಸಾಗುವಂತಿಲ್ಲ.

ಪರೀಕ್ಷೆಗೆ ಇಥ್‌ಟೂಲ್‌ನಲ್ಲಿ ಟಿಎಸ್‌ಒ (ಕಾರ್ಡೇ ಒಡೆಯುವ ಸೌಲಭ್ಯ) ಆಫ್, ಜಿಎಸ್‌ಒ ಆನ್ ಮಾಡಿ. ಈಗಿನ ಕರ್ನಲ್‌ಗಳಲ್ಲಿ ಸಾಫ್ಟ್‌ವೇರ್ ಒಡೆದ ಮೇಲೇ ಟಿಸಿಪಿಡಂಪ್ (ಪ್ಯಾಕೆಟ್ ನೋಡುವ ಸಾಧನ) ಇಣುಕುವುದರಿಂದ, ಕಳಿಸುವ ಮಷೀನ್‌ನಲ್ಲೇ 1448ರ ತುಂಡುಗಳು ಕಾಣುತ್ತವೆ. ದೊಡ್ಡ ಪ್ಯಾಕೆಟ್ ಕಂಡರೆ ಆಫ್ ಆದದ್ದು ಬಹುಶಃ ಬೇರೆ ಇಂಟರ್ಫೇಸ್‌ನ ಟಿಎಸ್‌ಒ.