ಹಳೆಯ ಎಂಜಿನ್ನಿಗೆ ಹೊಸ ಕ್ಯಾಮ್‌ಶಾಫ್ಟ್

ನನ್ನ ಕಾರಿನ ಹಳೆಯ ಪುಷ್‌ರಾಡ್ ಎಂಜಿನ್ನಿಗೆ (ಕ್ಯಾಮ್‌ಶಾಫ್ಟಿನ ಚಲನೆಯನ್ನು ಸರಳುಗಳು ವಾಲ್ವುಗಳಿಗೆ ಮುಟ್ಟಿಸುವ ಬಗೆಯದು) ಬೇರೆ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಉಬ್ಬುಗಳಿರುವ ದಂಡ, ಹಾಕಲು ಹೊರಟಾಗ ಮೊದಲು ಕಣ್ಣು ಬಿದ್ದದ್ದು ಅತಿ ಹೆಚ್ಚು ಲಿಫ್ಟ್ (ವಾಲ್ವ್ ತೆರೆದುಕೊಳ್ಳುವ ಎತ್ತರ) ಇರುವ, ವಾಲ್ವುಗಳನ್ನು ಬಹುಹೊತ್ತು ತೆರೆದಿಡುವ ಶಾಫ್ಟಿನ ಮೇಲೆ. ಕೊನೆಗೆ ಆರಿಸಿದ್ದು ಮೂಲ ಶಾಫ್ಟಿಗಿಂತ ಸ್ವಲ್ಪವೇ ಬಿರುಸಾದದ್ದನ್ನು. ಗಾಳಿ-ಇಂಧನದ ಮಿಶ್ರಣವನ್ನು ಒಳಬಿಡುವ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿದರೆ, ಕಡಿಮೆ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತುಗಳು) ಮೇಲೇರುವ ಪಿಸ್ಟನ್ ಒಳಬಂದ ಮಿಶ್ರಣದ ಒಂದು ಪಾಲನ್ನು ಹಿಂದಕ್ಕೇ ತಳ್ಳುತ್ತದೆ. ಇನ್‌ಟೇಕ್ ಮತ್ತು ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವುಗಳೆರಡೂ ಒಟ್ಟಿಗೆ ತೆರೆದಿರುವ ಅವಧಿ ಹೆಚ್ಚಿದಷ್ಟೂ ಐಡ್ಲಿಂಗ್ (ಕಾರು ನಿಂತಾಗಿನ ಎಂಜಿನ್ನಿನ ನಿಧಾನದ ಓಟ) ಒರಟಾಗಿ, ಇನ್‌ಟೇಕ್ ಕೊಳವೆಯ ವ್ಯಾಕ್ಯೂಮ್ ಕುಗ್ಗಿ, ಅದನ್ನೇ ನೆಚ್ಚಿ ಬ್ರೇಕ್ ತುಳಿತಕ್ಕೆ ನೆರವಾಗುವ ಬ್ರೇಕ್ ಬೂಸ್ಟರಿನ ಬಲವೂ ತಗ್ಗುತ್ತದೆ. ಅಪರೂಪಕ್ಕೆ ಮುಟ್ಟುವ ವೇಗದ ಶಕ್ತಿಗಾಗಿ ದಿನವೂ ಬೇಕಾಗುವ ಎಳೆತವನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಲಿಫ್ಟ್ ಹೆಚ್ಚಿದಾಗ ಹಳೆಯ ವಾಲ್ವ್ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಒತ್ತಿ ನಿಂತುಬಿಡುವ ಅಪಾಯವಿರುವುದರಿಂದ ಹೊಸ ಶಾಫ್ಟಿಗೆ ಹೊಂದುವ ಸ್ಪ್ರಿಂಗುಗಳನ್ನೇ ಹಾಕಿದೆ. ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲವೆಂದು ನೋಡಲು, ಪಿಸ್ಟನ್ನಿನ ತಲೆಯ ಮೇಲೆ ಮೆತ್ತನೆಯ ಜೇಡಿಯನ್ನು ಅಂಟಿಸಿ, ವಾಲ್ವುಗಳಿರುವ ಹೆಡ್ ಕೂರಿಸಿ, ಪಿಸ್ಟನ್ನುಗಳನ್ನು ಆಡಿಸುವ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿದೆ, ಏಕೆಂದರೆ ಕ್ಯಾಮ್ ಒಂದು ಸುತ್ತು ಮುಗಿಸಲು ಕ್ರ್ಯಾಂಕ್ ಎರಡು ಸುತ್ತಬೇಕು. ಬಳಿಕ ಜೇಡಿಯನ್ನು ಕತ್ತರಿಸಿ, ವಾಲ್ವ್ ಒತ್ತಿದ ಕಡೆ ಉಳಿದ ದಪ್ಪವನ್ನು ಅಳೆದಾಗ ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ತಿಳಿಯಿತು. ಈ ಅಳತೆಯನ್ನು ಬಿಟ್ಟು ಮುಂದುವರಿಯಿರಿ ಎಂದು ನಾನು ಯಾರಿಗೂ ಹೇಳಲಾರೆ.

ಆದರೂ ನನ್ನನ್ನು ನಿಜವಾಗಿ ತಲ್ಲಣಗೊಳಿಸಿದ್ದು ಎಂಜಿನ್ ಓಡಿದ ಮೊದಲ 20 ನಿಮಿಷ. ಇಂತಹ ಎಂಜಿನ್ನಿನಲ್ಲಿ ಲೋಬಿನ (ಕ್ಯಾಮ್‌ಶಾಫ್ಟಿನ ಉಬ್ಬು) ಮೈ ತುಸು ಓರೆಯಾಗಿಯೂ ಅದರ ಮೇಲೆ ಕೂತು ಪುಷ್‌ರಾಡನ್ನು ಎತ್ತುವ ಟ್ಯಾಪೆಟ್ಟಿನ ಮುಖ ಕಣ್ಣಿಗೆ ಕಾಣದಷ್ಟು ಉಬ್ಬಾಗಿಯೂ ಇರುತ್ತವೆ. ಹೀಗಿರುವುದರಿಂದಲೇ ಟ್ಯಾಪೆಟ್ ತನ್ನಷ್ಟಕ್ಕೆ ತಾನು ತಿರುಗುತ್ತ ಸವೆತವನ್ನು ಹಂಚಿಕೊಳ್ಳುತ್ತದೆ. ಹಳೆಯ ಶಾಫ್ಟಿನೊಂದಿಗೆ ಸವೆದ ಟ್ಯಾಪೆಟ್ಟುಗಳನ್ನು ಹೊಸದರೊಂದಿಗೆ ಮತ್ತೆ ಜೋಡಿಸಿದರೆ ಲೋಬುಗಳು ಬೇಗನೆ ಹಾಳಾಗುತ್ತವೆ, ಆದ್ದರಿಂದ ಎಲ್ಲವನ್ನೂ ಹೊಸದಾಗಿಯೇ ತಂದೆ. ಲೋಬುಗಳಿಗೆ ಅಸೆಂಬ್ಲಿ ಪೇಸ್ಟ್ ಬಳಿದು, ಸತು ಮತ್ತು ರಂಜಕದ ಅಂಶ ಸಾಕಷ್ಟಿರುವ ಆಯಿಲ್ ತುಂಬಿ, ಆಯಿಲ್ ಪ್ರೆಷರನ್ನು ಮೊದಲೇ ಬರಿಸಿ ಸ್ಟಾರ್ಟ್ ಮಾಡಿದೆ. ಐಡ್ಲಿಂಗಿಗೆ ಇಳಿಯಗೊಡದೆ 2000ದಿಂದ 2500 ಆರ್‌ಪಿಎಂ ನಡುವೆ ಏರಿಳಿಸುತ್ತ ಓಡಿಸಿದೆ. ಲೋಬುಗಳಿಗೆ ಬೇಕಾದ ಆಯಿಲ್ ಬಹುಪಾಲು ತಿರುಗುವ ಕ್ರ್ಯಾಂಕಿನಿಂದ ಸಿಡಿದೇ ತಲುಪಬೇಕು, ನಿಧಾನಗತಿಯಲ್ಲಿ ಆ ಸಿಡಿತ ಸಾಲದು.

ನಂತರ ಆಯಿಲ್ ಇಳಿಸಿ, ಫಿಲ್ಟರನ್ನು ಕತ್ತರಿಸಿ, ಅದರ ಮಡಿಕೆಗಳಲ್ಲಿ ಲೋಹದ ಚೂರುಗಳಿಲ್ಲವೆಂದು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಹೊಸ ಆಯಿಲ್ ತುಂಬಿದೆ.