ಕನ್ನಡ ತರಗತಿಗೆ ಬಂದ ಮಂಡಿಯ ಪಟ್ಟಿ

ವ್ಯಾವಹಾರಿಕ ಪತ್ರಕ್ಕೆ ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಇರುವುದು ಕೆಲವೇ ಅಂಕ. ‘ಇಂದ’, ‘ಇವರಿಗೆ’, ‘ಮಾನ್ಯರೇ’ ಎಂಬ ಚೌಕಟ್ಟನ್ನು ಬಾಯಿಪಾಠ ಮಾಡಿಸಿ ಮುಂದೆ ಹೋಗುವುದು ವಾಡಿಕೆ. ನಮ್ಮ ಕನ್ನಡ ಮೇಷ್ಟರು ಹಾಗೆ ಹೋಗಲಿಲ್ಲ. ನಮ್ಮೂರಿನ ಮನೆಮನೆಯಲ್ಲೂ ಶಿವಮೊಗ್ಗದ ಅಡಿಕೆ ಮಂಡಿಯ ಲೆಕ್ಕಪಟ್ಟಿಗಳು ಕಟ್ಟುಗಟ್ಟಲೆ ಇರುತ್ತಿದ್ದವು. ಹಳೆಯದೊಂದನ್ನು ತನ್ನಿ ಎಂದರು.

ಪಟ್ಟಿಯಲ್ಲಿದ್ದ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ದರ್ಜೆಗಳು ನಮಗೆ ಹೊಸತಲ್ಲ. ಅಂಗಳದಲ್ಲಿ ಅಡಿಕೆ ಆರಿಸುತ್ತಲೇ ಬೆಳೆದವರು ನಾವು. ತಿಳಿಯದೆ ಇದ್ದದ್ದು ಪಟ್ಟಿಯ ಕೆಳಭಾಗ: ಹಮಾಲಿ ಅಂದರೆ ಮೂಟೆ ಹೊರುವ ಕೂಲಿ, ಮುಂಗಡದ ಮೇಲಿನ ಬಡ್ಡಿ, ಹಿಂದಿನ ಬಾಕಿ. ಮೇಷ್ಟರು ಒಂದೊಂದು ಪದಕ್ಕೂ ವಾಕ್ಯ ಬರೆಸಿ, ಆ ವಾಕ್ಯದೊಳಗಿನ ಲೆಕ್ಕವನ್ನೂ ಕೇಳುತ್ತಿದ್ದರು. ಊರಿನಲ್ಲಿ ‘ನೂರಕ್ಕೆ ಎರಡು ರೂಪಾಯಿ’ ಎನ್ನುವುದು ತಿಂಗಳ ಬಡ್ಡಿ, ವರ್ಷಕ್ಕೆ ಅದು ಶೇ 24 ಆಗುತ್ತದೆ ಎಂದು ನಾನು ಅರಿತದ್ದು ಗಣಿತದ ತರಗತಿಯಲ್ಲಲ್ಲ, ಅಲ್ಲಿ. ಅಡಮಾನ ಇಟ್ಟರೆ ಜಮೀನು ಸಾಲಕ್ಕೆ ಒತ್ತೆಯಾಗಿರುತ್ತದೆ, ಕ್ರಯಪತ್ರ ಬರೆದುಕೊಟ್ಟರೆ ಕೈಬಿಟ್ಟು ಹೋಗುತ್ತದೆ. ಜಾಮೀನುದಾರನಾಗಿ ಸಹಿ ಹಾಕಿದವನು, ಸಾಲಗಾರ ತೀರಿಸದಿದ್ದರೆ, ತಾನೇ ಕಟ್ಟಬೇಕಾಗುತ್ತದೆ. ಹದಿನೈದು ವರ್ಷದ ಮಕ್ಕಳಿಗೆ ಇವನ್ನೆಲ್ಲ ಅವರು ಬಿಡಿಸಿ ಹೇಳಿದರು.

ಪತ್ರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಗೊಬ್ಬರದ ಅಂಗಡಿಗೆ ಬರೆದ ದೂರಿನಲ್ಲಿ ರಸೀದಿಯ ಸಂಖ್ಯೆ, ಖರೀದಿಸಿದ ದಿನಾಂಕ, ಚೀಲಗಳ ಲೆಕ್ಕ ಇಲ್ಲದಿದ್ದರೆ, ಭಾಷೆ ಎಷ್ಟೇ ಚೆನ್ನಾಗಿದ್ದರೂ ಹಿಂದಿರುಗಿಸುತ್ತಿದ್ದರು.

ಕವಿತೆ ಕಲಿಸಬೇಕಾದ ಹೊತ್ತನ್ನು ವ್ಯಾಪಾರಕ್ಕೆ ಕೊಟ್ಟರು ಎಂದು ಆಗ ಕೆಲವರು ಆಕ್ಷೇಪಿಸಿದ್ದುಂಟು. ನಾನು ಒಪ್ಪುವುದಿಲ್ಲ. ಕುವೆಂಪು ಅವರ ಪದ್ಯವನ್ನು ಅಷ್ಟೊಂದು ಪ್ರೀತಿಯಿಂದ ಓದಿಸಿದವರೂ ಅವರೇ. ಮನೆಯ ಜಮೀನು, ಸಾಲ, ದುಡಿಮೆಯ ಮಾತನ್ನು ಕನ್ನಡದ ಪಾಠದಿಂದ ಹೊರಗಿಟ್ಟರೆ ಮಕ್ಕಳು ಅದನ್ನು ಕಲಿಯುವುದು ಎಲ್ಲಿ? ನಾನೀಗ ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಪದವಿ ಪಡೆದವರೂ ಸಾಲದ ಕರಾರುಪತ್ರವನ್ನು ಓದದೆ, ‘ಎಲ್ಲಿ ಸಹಿ ಹಾಕಲಿ’ ಎಂದು ಕೇಳುವಾಗ ಸಂಕಟವಾಗುತ್ತದೆ. ಕರಾರು ಕನ್ನಡದಲ್ಲೇ ಇದ್ದರೂ ಹೀಗೆಯೇ.

ಶಾಲೆಯ ಈಗಿನ ಕನ್ನಡ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಮಂಡಿಯ ಪಟ್ಟಿಯ ಜೊತೆಗೆ ಜಿಎಸ್‌ಟಿ ಬಿಲ್ಲು, ಬೆಳೆ ವಿಮೆಯ ಅರ್ಜಿ, ಚಿನ್ನದ ಸಾಲದ ಚೀಟಿ ಇವನ್ನೂ ತರಗತಿಯಲ್ಲಿ ಓದಿಸಿ. ಹೆಸರು, ಖಾತೆ ಸಂಖ್ಯೆ ತೆಗೆದ ಮಾದರಿ ಪ್ರತಿಗಳನ್ನು ನಾನು ತಂದುಕೊಡುತ್ತೇನೆ. ಕರೆದರೆ ಒಂದು ಶನಿವಾರ ಬಂದು ಮಕ್ಕಳ ಜೊತೆ ಕೂತು ಓದುತ್ತೇನೆ.